ಹಳೇ ಲ್ಯಾಪ್‌ಟಾಪಿಗೆ ವಿಂಡೋಸೋ, ಲಿನಕ್ಸೋ? ನಿಮ್ಮ ಕೆಲಸ ನೋಡಿ ಆರಿಸಿಕೊಳ್ಳಿ

2025ರ ದೀಪಾವಳಿ ಹೊತ್ತಿಗೆ ನನಗೆ ಬಂದ ಫೋನುಗಳಲ್ಲಿ ಅರ್ಧಕ್ಕರ್ಧ ಒಂದೇ ಮಾತು. “ಅಣ್ಣಾ, ಲ್ಯಾಪ್‌ಟಾಪಿನಾಗ ಸಪೋರ್ಟ್ ಮುಗಿದೈತಿ ಅಂತ ಬರಾಕತ್ತೈತಿ. ಹೊಸಾದು ತಗೋಬೇಕೇನು?”

ನಾನು ರಾಯಚೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ನನ್ನ ಮೇಜಿಗೆ ಬರುವ ಲ್ಯಾಪ್‌ಟಾಪುಗಳಲ್ಲಿ ಹೊಸವು ಕಡಿಮೆ. ಅಣ್ಣ ಓದಿ ಮುಗಿಸಿ ತಂಗಿಗೆ ಕೊಟ್ಟದ್ದು, ಬೆಂಗಳೂರಿನಲ್ಲಿರುವ ಅಳಿಯ ಮಾವನಿಗೆ ತಂದುಕೊಟ್ಟದ್ದು, ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡದ್ದು, ಇಂಥವೇ ಜಾಸ್ತಿ. ಇವನ್ನೆಲ್ಲ ಗುಜರಿಗೆ ಹಾಕಿ ಹೊಸದು ತಗೊಳ್ಳಿ ಎಂದು ಹೇಳೋಕೆ ಮನಸ್ಸು ಬರೋದಿಲ್ಲ. ಹಾಗಂತ ಎಲ್ಲರಿಗೂ ಲಿನಕ್ಸ್ (ವಿಂಡೋಸ್ ಜಾಗದಲ್ಲಿ ಕಂಪ್ಯೂಟರ್ ನಡೆಸುವ ಉಚಿತ ಓಎಸ್, ಅಂದರೆ ಆಪರೇಟಿಂಗ್ ಸಿಸ್ಟಮ್) ಹಾಕಿಕೊಡೋದೂ ಸರಿಯಲ್ಲ. ಕೆಲವರಿಗೆ ನಾನೇ ಬೇಡ ಎಂದು ಹೇಳಿ ಕಳಿಸಿದ್ದೇನೆ. ಯಾರಿಗೆ ಹೌದು, ಯಾರಿಗೆ ಬೇಡ ಅನ್ನೋದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಆಗಿದ್ದೇನು?

ವಿಂಡೋಸ್ 10 ಬಂದಿದ್ದು 2015ರ ಜುಲೈನಲ್ಲಿ. ಅದಕ್ಕೆ ಉಚಿತ ಭದ್ರತಾ ಅಪ್‌ಡೇಟ್ ಕೊಡೋದನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಲ್ಯಾಪ್‌ಟಾಪ್ ಅಂದೇ ಬಂದ್ ಆಗುವುದಿಲ್ಲ, ಎಂದಿನಂತೆ ನಡೆಯುತ್ತದೆ. ಆದರೆ ಹೊಸದಾಗಿ ಸಿಕ್ಕ ತೂತುಗಳನ್ನು ಮುಚ್ಚುವವರು ಇರುವುದಿಲ್ಲ. ಬ್ಯಾಂಕ್ ಕೆಲಸ ಮಾಡುವ ಯಂತ್ರದಲ್ಲಿ ಇದು ಸಣ್ಣ ಮಾತಲ್ಲ. ಮನೆಬಳಕೆಯವರಿಗೆ ಒಂದು ವರ್ಷದ ಹೆಚ್ಚುವರಿ ಅವಧಿಯನ್ನೂ ಮೈಕ್ರೋಸಾಫ್ಟ್ ಕೊಟ್ಟಿದೆ. ಅದಕ್ಕೆ ಹೆಸರು ಹಚ್ಚಿದವರಿಗೆ 2026ರ ಅಕ್ಟೋಬರ್ 13ರವರೆಗೆ ಅಪ್‌ಡೇಟ್ ಸಿಗುತ್ತದೆ.

ವಿಂಡೋಸ್ 11ಕ್ಕೆ ಹೋಗೋಣ ಅಂದರೆ ಅದು ಎಲ್ಲ ಯಂತ್ರವನ್ನೂ ಒಪ್ಪುವುದಿಲ್ಲ. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನದು ಅಥವಾ ಅದಕ್ಕಿಂತ ಹೊಸದಿರಬೇಕು. 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಬೇಕು. ಕಾಗದದ ಮೇಲೆ 4 ಜಿಬಿ ಸಾಕು ಎಂದಿದ್ದರೂ, 8 ಇಲ್ಲದಿದ್ದರೆ ಕ್ರೋಮ್ ತೆಗೆದ ಕೂಡಲೇ ಏದುಸಿರು ಬಿಡುತ್ತದೆ. ಇದು ದಿನಾ ನೋಡಿ ಹೇಳುವ ಮಾತು.

ಅಂದರೆ ನಿಮ್ಮ ಮುಂದೆ ನಾಲ್ಕು ದಾರಿ ಇವೆ. ಹಳೇ ವಿಂಡೋಸ್‌ನಲ್ಲೇ ಇರೋದು, ಹೊಸ ಯಂತ್ರ ತಗೊಳ್ಳೋದು, ಇರುವ ಯಂತ್ರಕ್ಕೆ ಲಿನಕ್ಸ್ ಹಾಕೋದು, ಇಲ್ಲಾ ಎರಡನ್ನೂ ಅಕ್ಕಪಕ್ಕ ಇಟ್ಟುಕೊಳ್ಳೋದು. ಐದನೆಯ ದಾರಿಯೂ ಒಂದಿದೆ. ಎಷ್ಟೋ ಜನ ಗೊತ್ತಿಲ್ಲದೇ ಅದರಲ್ಲೇ ಇದ್ದಾರೆ. ಮೊದಲು ಅದನ್ನು ಮಾತಾಡೋಣ.

ಕ್ರ್ಯಾಕ್ ಹಾಕಿದ ವಿಂಡೋಸ್ ಫ್ರೀ ಅಲ್ಲ

“ನಮ್ದು ಫ್ರೀನೇ ಐತಲ್ಲ, ಅಂಗಡಿಯಾಗ ಮುನ್ನೂರು ರೂಪಾಯಿಗೆ ಹಾಕಿಕೊಟ್ಟಾರ” ಎಂದು ಹೇಳುವವರು ಬಹಳ. ಅದು ಲೈಸೆನ್ಸ್ ಇಲ್ಲದ ವಿಂಡೋಸ್. ಅದನ್ನು ಆಕ್ಟಿವೇಟ್ ಮಾಡೋಕೆ ಒಂದು ಸಣ್ಣ ಪ್ರೋಗ್ರಾಂ ಓಡಿಸುತ್ತಾರೆ. ಓಡಿಸುವ ಮುಂಚೆ ಆಂಟಿವೈರಸ್ ಬಂದ್ ಮಾಡು ಎಂದು ಅದೇ ಹೇಳುತ್ತದೆ. ಯಾರು ಬರೆದಿದ್ದಾರೋ ಗೊತ್ತಿಲ್ಲದ ಪ್ರೋಗ್ರಾಂಗೆ ಮನೆಯ ಬೀಗದ ಕೈ ಕೊಟ್ಟು, ಕಾವಲುಗಾರನಿಗೆ ರಜೆ ಕೊಟ್ಟ ಹಾಗೆ. ಅದೇ ಯಂತ್ರದಲ್ಲಿ ಮರುದಿನ ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್ ಹೊಡೆಯುತ್ತೀರಿ. ಇಂಥ ಯಂತ್ರಗಳಲ್ಲಿ ಬ್ರೌಸರ್ ತಾನಾಗಿಯೇ ಬೇರೆ ಬೇರೆ ಸೈಟಿಗೆ ಹೋಗೋದು, ಫೋಟೋಗಳೆಲ್ಲ ಲಾಕ್ ಆಗಿ ರೊಕ್ಕ ಕೇಳೋದು, ಎರಡನ್ನೂ ಕಣ್ಣಾರೆ ಕಂಡಿದ್ದೇನೆ.

ಲಿನಕ್ಸ್ ಫ್ರೀ ಅನ್ನೋದರ ಅರ್ಥವೇ ಬೇರೆ. ಅದನ್ನು ಬರೆದವರೇ ತಗೊಳ್ಳಿ, ಬಳಸಿ, ಇನ್ನೊಬ್ಬರಿಗೂ ಕೊಡಿ ಎಂದು ಲೈಸೆನ್ಸಿನಲ್ಲಿ ಬರೆದುಕೊಟ್ಟಿದ್ದಾರೆ. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಮುಕ್ತ ಓಎಸ್ ಕಟ್ಟುವ ಗ್ನೂ ಯೋಜನೆ ಘೋಷಿಸಿದರು. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಕರ್ನೆಲ್ (ಓಎಸ್‌ನ ತಿರುಳು) ಶುರು ಮಾಡಿದರು. ಒಳಗಿನ ಕೋಡ್ ಯಾರು ಬೇಕಾದರೂ ತೆರೆದು ನೋಡಬಹುದು. ನಾನು ಒಂದೇ ಪೆನ್‌ಡ್ರೈವ್‌ನಿಂದ ಹತ್ತು ಜನರಿಗೆ ಹಾಕಿಕೊಟ್ಟರೂ ಕಳ್ಳತನ ಅಲ್ಲ. ನನ್ನ ಕೂಲಿ ತಗೊಳ್ಳಬಹುದು, ಸಾಫ್ಟ್‌ವೇರಿಗೆ ಯಾರೂ ರೊಕ್ಕ ಕೇಳೋದಿಲ್ಲ. ನಿಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗೂ ಇರೋದು ಲಿನಕ್ಸ್ ಕರ್ನೆಲ್ಲೇ. ಕೇರಳದ ಶಾಲೆಗಳಲ್ಲಿ ಮಕ್ಕಳು ವರ್ಷಗಳಿಂದ ಉಬುಂಟು ಎಂಬ ಲಿನಕ್ಸ್ ಆಧಾರದ ವ್ಯವಸ್ಥೆಯಲ್ಲೇ ಕಲಿಯುತ್ತಿದ್ದಾರೆ. ಹಾಗಾಗಿ ಇದು ಇಂಜಿನಿಯರುಗಳಿಗೆ ಮಾತ್ರ ಅನ್ನೋ ಮಾತನ್ನು ನಾನು ಒಪ್ಪುವುದಿಲ್ಲ.

ಒಂದು ವಾರದ ಕೆಲಸ ಬರೆದಿಡಿ

ಯಾರೇ ಕೇಳಿದರೂ ನಾನು ಮೊದಲು ಒಂದು ಕಾಗದ ಕೊಡುತ್ತೇನೆ. ಈ ವಾರ ಕಂಪ್ಯೂಟರಿನಲ್ಲಿ ಏನೇನು ಮಾಡಿದಿರಿ, ಬರೆಯಿರಿ ಅನ್ನುತ್ತೇನೆ. ಯಾವ ಬ್ರಾಂಡ್, ಎಷ್ಟು ಜಿಬಿ ಅನ್ನೋದನ್ನೆಲ್ಲ ಆಮೇಲೆ ನೋಡೋಣ.

ನನ್ನ ಅಕ್ಕನ ಮಗಳು ಇಲ್ಲೇ ಡಿಗ್ರಿ ಓದುತ್ತಾಳೆ. ಅವಳ ಪಟ್ಟಿ ಹೀಗಿತ್ತು: ಯೂಟ್ಯೂಬ್, ವಾಟ್ಸಾಪ್ ವೆಬ್, ಸ್ಕಾಲರ್‌ಶಿಪ್ ಅರ್ಜಿ, ಸೇವಾಸಿಂಧು, ಪಿಡಿಎಫ್ ಓದೋದು, ಅಸೈನ್‌ಮೆಂಟ್ ಟೈಪ್ ಮಾಡೋದು, ಸ್ವಲ್ಪ ಪೈಥಾನ್ ಪ್ರೋಗ್ರಾಮಿಂಗ್. ಇದರಲ್ಲಿ ಮುಕ್ಕಾಲು ಪಾಲು ನಡೆಯೋದು ಬ್ರೌಸರಿನೊಳಗೆ. ಬ್ರೌಸರಿಗೆ ಕೆಳಗೆ ಯಾವ ಓಎಸ್ ಇದೆ ಅನ್ನೋದು ಲೆಕ್ಕಕ್ಕೇ ಬರುವುದಿಲ್ಲ. ಫೈರ್‌ಫಾಕ್ಸ್, ಕ್ರೋಮ್ ಎರಡೂ ಲಿನಕ್ಸ್‌ನಲ್ಲಿವೆ. ಪಹಣಿ ನೋಡೋದು, ಕೆಇಎ ಸಿಇಟಿ ಅರ್ಜಿ, ರೈಲ್ವೆ ಟಿಕೆಟ್, ಬ್ಯಾಂಕ್, ಎಲ್ಲ ಅದರಲ್ಲೇ ಆಗುತ್ತವೆ. ಪೈಥಾನ್, ಸಿ, ಜಾವಾ ಕಲಿಯುವವರಿಗಂತೂ ಲಿನಕ್ಸ್ ವಿಂಡೋಸ್‌ಗಿಂತ ಒಂದು ಕೈ ಮೇಲು. ಮುಂದೆ ಕೆಲಸಕ್ಕೆ ಹೋದಾಗ ಅವರು ಮುಟ್ಟುವ ಸರ್ವರುಗಳೂ ಹೆಚ್ಚಾಗಿ ಲಿನಕ್ಸೇ. ಅವಳಿಗೆ ನಾನು ಯೋಚನೆ ಮಾಡದೇ ಹೌದು ಎಂದೆ.

ಅದೇ ತಿಂಗಳು ಗಂಜ್ ಮಾರುಕಟ್ಟೆಯಲ್ಲಿ ಹತ್ತಿ ಅಡತ್ ಅಂಗಡಿಯ ಸಾಹುಕಾರರೊಬ್ಬರು ಕರೆದರು. “ನಮ್ಮ ಮೂರೂ ಕಂಪ್ಯೂಟರಿಗೆ ಆ ಫ್ರೀದು ಹಾಕಿಬಿಡ್ರಿ, ವೈರಸ್ ಕಾಟ ತಪ್ಪಲಿ” ಅಂದರು. ಕೂತು ನೋಡಿದೆ. ಒಂದರಲ್ಲಿ ಲೆಕ್ಕಪತ್ರದ ಟ್ಯಾಲಿ. ಇನ್ನೊಂದು ವೇಬ್ರಿಡ್ಜಿಗೆ ಜೋಡಿಸಿದ್ದು. ಅದರ ತೂಕದ ಸಾಫ್ಟ್‌ವೇರನ್ನು ಯಾರೋ ವಿಂಡೋಸಿಗೆಂದೇ ಬರೆದುಕೊಟ್ಟಿದ್ದರು. ಜಿಎಸ್‌ಟಿಗೆ ಬಳಸುವ ಡಿಜಿಟಲ್ ಸಹಿಯ ಟೋಕನ್ ಕೂಡ ಅಲ್ಲೇ ಚುಚ್ಚಿತ್ತು. ಟ್ಯಾಲಿ ಪ್ರೈಮ್ ವಿಂಡೋಸಿಗಾಗಿಯೇ ಮಾಡಿದ್ದು. ವೈನ್ ಎಂಬ ಪ್ರೋಗ್ರಾಂ ಮೂಲಕ ವಿಂಡೋಸ್ ಸಾಫ್ಟ್‌ವೇರುಗಳನ್ನು ಲಿನಕ್ಸ್‌ನಲ್ಲಿ ಓಡಿಸಬಹುದು, ನಿಜ. ಆದರೆ ಸೀಸನ್ನಿನಲ್ಲಿ ಗಾಡಿಗಳು ಸಾಲುಗಟ್ಟಿ ನಿಂತಾಗ, ಓಡಿದರೆ ಓಡಿತು ಇಲ್ಲದಿದ್ದರೆ ಇಲ್ಲ ಅನ್ನೋ ಸಾಫ್ಟ್‌ವೇರ್ ಇಟ್ಟುಕೊಂಡು ವ್ಯಾಪಾರ ಮಾಡೋಕಾಗಲ್ಲ. ಆ ಎರಡಕ್ಕೆ ಲೈಸೆನ್ಸ್ ಇರುವ ವಿಂಡೋಸೇ ಇರಲಿ ಎಂದೆ. ಮೂರನೆಯದು ಮುನೀಮರು ಮೇಲ್ ನೋಡೋಕೆ, ಧಾರಣೆ ನೋಡೋಕೆ ಇಟ್ಟುಕೊಂಡದ್ದು. ಅದಕ್ಕೆ ಮಾತ್ರ ಲಿನಕ್ಸ್ ಹಾಕಿದೆ.

ಇದೇ ತೂಕದಲ್ಲಿ ಬೇರೆಯವರದ್ದನ್ನೂ ತೂಗಿ. ಗ್ರಾಮ ಒನ್, ಸಿಎಸ್‌ಸಿ ಕೇಂದ್ರ ನಡೆಸುವವರಿಗೆ ಹೆಬ್ಬೆಟ್ಟಿನ ಯಂತ್ರ ಬೇಕು. ಅದರ ಆಧಾರ್ ಸೇವೆಯ ಸಾಫ್ಟ್‌ವೇರ್ ಸಿಗೋದು ಮುಖ್ಯವಾಗಿ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೆ. ಅವರು ಬದಲಾಯಿಸಬಾರದು. ಲಗ್ನಪತ್ರಿಕೆ, ಫ್ಲೆಕ್ಸ್ ಮಾಡುವ ಡಿಟಿಪಿಯವರ ಬದುಕು ಕೋರಲ್‌ಡ್ರಾ, ಫೋಟೋಶಾಪ್, ಪೇಜ್‌ಮೇಕರ್ ಮೇಲೆ ನಿಂತಿದೆ. ಇಂಕ್‌ಸ್ಕೇಪ್, ಗಿಂಪ್, ಸ್ಕ್ರೈಬಸ್ ಇವುಗಳ ಬದಲಿಗೆ ಸಿಗುವ ಒಳ್ಳೆಯ ಸಾಫ್ಟ್‌ವೇರುಗಳೇ. ಆದರೆ ಹದಿನೈದು ವರ್ಷದ ಹಳೇ ಫೈಲುಗಳು, ಕೈಗೆ ಹತ್ತಿದ ಶಾರ್ಟ್‌ಕಟ್ಟುಗಳು, ಪ್ರೆಸ್ಸಿನವರು ಕೇಳುವ ಫಾರ್ಮ್ಯಾಟು, ಇವನ್ನೆಲ್ಲ ಬಿಟ್ಟು ಮತ್ತೆ ಕಲಿಯೋಕೆ ಲಗ್ನದ ಸೀಸನ್ ಕಾಯೋದಿಲ್ಲ. ಆನ್‌ಲೈನ್ ಗೇಮ್ ಆಡುವ ಹುಡುಗರಿಗೂ ಒಂದು ಮಾತು. ಸ್ಟೀಮ್‌ನಲ್ಲಿರುವ ಬಹಳಷ್ಟು ಆಟಗಳು ಲಿನಕ್ಸ್‌ನಲ್ಲಿ ಓಡುತ್ತವೆ, ವ್ಯಾಲರಂಟ್ ಓಡುವುದಿಲ್ಲ.

ನಿವೃತ್ತರು, ಗೃಹಿಣಿಯರು, ಫೇಸ್‌ಬುಕ್ಕು, ಫೋಟೋ, ಭಜನೆ-ಪ್ರವಚನದ ವಿಡಿಯೋ ನೋಡುವವರು, ಇವರಿಗೆ ಲಿನಕ್ಸ್ ಹೇಳಿ ಮಾಡಿಸಿದ ಹಾಗಿದೆ. ಒಮ್ಮೆ ಸರಿಯಾಗಿ ಹಾಕಿಕೊಟ್ಟರೆ ಮತ್ತೆ ಕೈ ಹಚ್ಚುವ ಪ್ರಸಂಗವೇ ಬಹಳ ಕಡಿಮೆ.

ಕನ್ನಡ ಹೇಗೆ ಬರುತ್ತದೆ?

ನಮ್ಮ ಕಡೆಯವರಿಗೆ ನಿಜವಾದ ಪರೀಕ್ಷೆ ಇದೇ. ನಿವೃತ್ತ ಮಾಸ್ತರರೊಬ್ಬರು ನನ್ನ ಬಳಿ ಬರುತ್ತಾರೆ. ಊರಿನ ಇತಿಹಾಸ, ಮಸ್ಕಿಯ ಶಾಸನ, ರಾಯಚೂರಿನ ಕೋಟೆ ಅಂತ ಏನಾದರೂ ಬರೆಯುತ್ತಲೇ ಇರುತ್ತಾರೆ. ಅವರ ಮೊದಲ ಪ್ರಶ್ನೆ: “ನುಡಿ ಬರ್ತದೇನು ಇದರಾಗ?”

ನುಡಿ ಅಂದರೆ ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರ್. ಅವರು ಕೇಳಿದ್ದು ಒಂದೇ ಆದರೂ ಅದರೊಳಗೆ ಎರಡು ಪ್ರಶ್ನೆ ಇವೆ. ಒಂದು, ಬೆರಳಿಗೆ ರೂಢಿಯಾದ ಕೀಲಿಮಣೆ. ಇನ್ನೊಂದು, ಹಳೇ ಫೈಲುಗಳು.

ಕೀಲಿಮಣೆ ಸಿಗುತ್ತದೆ. ನುಡಿಯಲ್ಲಿ ಬಳಸುವ ಕಗಪ ವಿನ್ಯಾಸವೇ ಲಿನಕ್ಸ್‌ನಲ್ಲೂ ಇದೆ. ‘ರಾಯಚೂರು’ ಎಂದು ಹೊಡೆಯಿರಿ: ಆರ್, ಶಿಫ್ಟ್ ಹಿಡಿದು ಎ, ವೈ, ಸಿ, ಶಿಫ್ಟ್ ಹಿಡಿದು ಯು, ಆರ್, ಯು. ಏಳು ಕೀ, ಅಲ್ಲೂ ಏಳು, ಇಲ್ಲೂ ಏಳು. ಒತ್ತಕ್ಷರಕ್ಕೆ ಅದೇ ಎಫ್. ಮಾಸ್ತರರು ನನ್ನ ಮೇಜಿನ ಮುಂದೆ ಕೂತು ಕನ್ನಡಕ ಸರಿಮಾಡಿಕೊಂಡು ಮೊದಲು ತಮ್ಮ ಹೆಸರು ಹೊಡೆದರು. ಆಮೇಲೆ ‘ಶ್ರೀ’ ಹೊಡೆದು ನೋಡಿದರು. ಆಮೇಲೆ ಅರ್ಕಾವತ್ತು ಬರುತ್ತೋ ಇಲ್ಲವೋ ಎಂದು ‘ಸೂರ್ಯ’ ಹೊಡೆದರು. ಮೂರೂ ಸರಿಯಾಗಿ ಬಂದ ಮೇಲೆ ತಲೆ ಎತ್ತಿ ನನ್ನನ್ನು ನೋಡಿದರು.

ಇಲ್ಲಿ ಒಂದು ಸೂಕ್ಷ್ಮ ಇದೆ. ಕಗಪ ಎರಡು ಕಡೆ ಸಿಗುತ್ತದೆ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲೇ ‘ಕನ್ನಡ ಕಗಪ’ ಎಂದು ಒಂದಿದೆ. ಅದರಲ್ಲಿ ಸ್ವರ ಬಿಡಿಯಾಗಿ ಬೇಕಾದಾಗ ಬಲಗಡೆಯ ಆಲ್ಟ್ ಕೀ ಹಿಡಿಯಬೇಕಾಗುತ್ತದೆ. ನುಡಿಗೆ ರೂಢಿಯಾದವರಿಗೆ ಇದು ಕಿರಿಕಿರಿ. ಇನ್ನೊಂದು ಐಬಸ್ ಎಂಬ ವ್ಯವಸ್ಥೆಯ ಮೂಲಕ ಬರುವುದು. ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ‘ಐಬಸ್ ಎಂ17ಎನ್’ ಎಂಬುದನ್ನು ಹುಡುಕಿ ಹಾಕಿಕೊಂಡು, ಅದರಲ್ಲಿ ಕನ್ನಡ ಕೆಜಿಪಿ (ಅದೇ ಕಗಪ) ಆರಿಸಿಕೊಳ್ಳಿ. ಅದು ನುಡಿಯಂತೆಯೇ ಸ್ವರ ಎಲ್ಲಿ, ಕಾಗುಣಿತ ಎಲ್ಲಿ ಎಂದು ತಾನೇ ತಿಳಿದುಕೊಳ್ಳುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರ ಹೊಡೆದು ಬರೆಯುವವರಿಗೂ, ಇನ್‌ಸ್ಕ್ರಿಪ್ಟ್ ಕಲಿತವರಿಗೂ ಅಲ್ಲೇ ಬೇರೆ ಆಯ್ಕೆಗಳಿವೆ.

ಅಕ್ಷರದ ಚಂದ ನೋಡುವವರಿಗೆ ಲೋಹಿತ್, ನೋಟೊ ಸಿಗುತ್ತವೆ. ಜೊತೆಗೆ ಗುಬ್ಬಿ, ನವಿಲು ಎಂಬ ಹೆಸರಿನ ಕನ್ನಡ ಫಾಂಟುಗಳೂ ಇವೆ. ಜಗತ್ತಿನಾದ್ಯಂತ ಜನ ಬಳಸುವ ಡೆಬಿಯನ್ ಎಂಬ ಲಿನಕ್ಸಿನ ಸಾಫ್ಟ್‌ವೇರ್ ಭಂಡಾರದಲ್ಲಿ ‘ಗುಬ್ಬಿ’ ಎಂಬ ಹೆಸರು ಕಂಡಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಮೆನುಗಳನ್ನೂ ಕನ್ನಡದಲ್ಲಿ ನೋಡಬಹುದು. ಆದರೆ ಅನುವಾದ ಅರ್ಧಂಬರ್ಧ ಇದೆ, ಒಂದು ಸಾಲು ಕನ್ನಡ, ಒಂದು ಸಾಲು ಇಂಗ್ಲಿಷ್. ಬೇಕಾದರೆ ನಾವೇ ಅನುವಾದ ಮಾಡಿ ಸೇರಿಸುವ ಬಾಗಿಲೂ ತೆರೆದಿದೆ.

ಹಳೇ ಫೈಲುಗಳ ಕತೆ ಬೇರೆ. ಮಾಸ್ತರರ ಹತ್ತು ವರ್ಷದ ಬರಹ ‘ನುಡಿ 01 ಇ’ ಫಾಂಟಿನಲ್ಲಿತ್ತು. ಅದು ಯೂನಿಕೋಡ್ (ಎಲ್ಲ ಯಂತ್ರಗಳೂ ಓದುವ ಅಕ್ಷರ ಸಂಕೇತ) ಅಲ್ಲ. ಒಳಗೆ ಇರೋದು ಇಂಗ್ಲಿಷ್ ಗುರುತುಗಳೇ, ಫಾಂಟು ಅದಕ್ಕೆ ಕನ್ನಡದ ಅಂಗಿ ತೊಡಿಸುತ್ತದೆ. ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಾಗದ ಗೀಚು ಕಾಣುತ್ತದೆ. ಮಾಸ್ತರರು ಅದನ್ನು ನೋಡಿ ಗಾಬರಿಯಾದರು, ಎಲ್ಲ ಹೋಯಿತು ಅಂದುಕೊಂಡರು. ಆ ಫಾಂಟ್ ಫೈಲನ್ನು ಲಿನಕ್ಸ್‌ಗೆ ಕಾಪಿ ಮಾಡಿದ ಕೂಡಲೇ ಓದೋಕೆ ಬಂತು. ಮುಂದೆ ತಿದ್ದಿ ಬರೆಯಬೇಕು ಅಂದರೆ ಯೂನಿಕೋಡ್‌ಗೆ ಬದಲಿಸಲೇಬೇಕು, ಅದಕ್ಕೆ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಒಮ್ಮೆ ಓದಿ ನೋಡಿ, ಅಲ್ಲಲ್ಲಿ ಒತ್ತಕ್ಷರ ತಪ್ಪಿರುತ್ತದೆ. ಈ ಕೆಲಸ ವಿಂಡೋಸ್‌ನಲ್ಲೇ ಉಳಿದರೂ ಮಾಡಲೇಬೇಕಾದ್ದು, ಯೂನಿಕೋಡ್ ಆಗದ ಬರಹ ಗೂಗಲ್‌ನಲ್ಲಿ ಹುಡುಕಿದರೂ ಸಿಗೋದಿಲ್ಲ.

ಎಂಎಸ್ ಆಫೀಸ್ ಲಿನಕ್ಸ್‌ಗೆ ಇಲ್ಲ. ಲಿಬ್ರೆಆಫೀಸ್ ಇದೆ, ಓಎಸ್ ಜೊತೆಗೇ ಬರುತ್ತದೆ. ವರ್ಡ್, ಎಕ್ಸೆಲ್ ಫೈಲುಗಳನ್ನು ತೆರೆಯುತ್ತದೆ. ಅರ್ಜಿ, ಪತ್ರ, ಮಾರ್ಕ್ಸ್ ಪಟ್ಟಿ, ಮನೆ ಲೆಕ್ಕ, ಇಷ್ಟಕ್ಕೆ ಏನೂ ಕೊರತೆಯಿಲ್ಲ. ಟೇಬಲ್ಲು ಜಾಸ್ತಿ ಇರುವ ಸರ್ಕಾರಿ ನಮೂನೆಗಳು ಸ್ವಲ್ಪ ಅತ್ತಿತ್ತ ಸರಿಯುತ್ತವೆ. ಮ್ಯಾಕ್ರೋ ಇರುವ ಎಕ್ಸೆಲ್ ಫೈಲು ದಿನಾ ಕಳಿಸಬೇಕಾದ ಕಚೇರಿಯವರು ಮೊದಲೇ ತೆರೆದು ಪರೀಕ್ಷೆ ಮಾಡಿಕೊಳ್ಳಿ.

ಪ್ರಿಂಟರ್ ಕೊಳ್ಳುವ ಮುಂಚೆ

ಎಚ್‌ಪಿ ಪ್ರಿಂಟರುಗಳಿಗೆ ಎಚ್‌ಪಿಲಿಪ್ ಎಂಬ ಮುಕ್ತ ಡ್ರೈವರ್ (ಯಂತ್ರವನ್ನು ಓಎಸ್ ಜೊತೆ ಜೋಡಿಸುವ ಪ್ರೋಗ್ರಾಂ) ಇದೆ. ಬಹಳಷ್ಟು ಮಾದರಿಗಳು ಕೇಬಲ್ ಚುಚ್ಚಿದರೆ ಕೆಲಸ ಶುರು ಮಾಡುತ್ತವೆ. ಎಪ್ಸನ್ ಇಂಕ್‌ಟ್ಯಾಂಕ್‌ಗಳಿಗೂ ಡ್ರೈವರ್ ಸಿಗುತ್ತದೆ. ವೈಫೈ ಇರುವ ಹೊಸ ಪ್ರಿಂಟರುಗಳು ಹೆಚ್ಚಾಗಿ ಡ್ರೈವರ್ ಇಲ್ಲದೆಯೇ ನಡೆಯುತ್ತವೆ. ಆದರೆ ನಮ್ಮೂರಿನ ಜೆರಾಕ್ಸ್ ಅಂಗಡಿಗಳಲ್ಲಿ ಎಲ್ಲೆಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಲಿನಕ್ಸ್‌ನಲ್ಲಿ ತಲೆನೋವು. ಅದರ ಡ್ರೈವರ್ ಹಳೇ ಕಾಲದ್ದು, ಕೂರಿಸೋಕೆ ಹರಸಾಹಸ ಬೇಕು. ಅದೊಂದೇ ಪ್ರಿಂಟರ್ ಇರುವ ಅಂಗಡಿಗೆ ನಾನು ಲಿನಕ್ಸ್ ಹಾಕುವುದಿಲ್ಲ.

ಯಾವ ಲಿನಕ್ಸ್?

ಇಲ್ಲಿ ಜನ ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ. ನೂರಾರು ಬಗೆ ಇವೆ ಎಂದು ಕೇಳಿ ಹೆದರುತ್ತಾರೆ. ಮನೆಬಳಕೆಗೆ ನೋಡಬೇಕಾದವು ಮೂರೋ ನಾಲ್ಕೋ.

ಮೊದಲ ಸಲ ಬರುವವರಿಗೆ ನಾನು ಹಾಕೋದು ಲಿನಕ್ಸ್ ಮಿಂಟ್. ಇದು 2006ರಲ್ಲಿ ಶುರುವಾದದ್ದು. ಕೆಳಗೆ ಪಟ್ಟಿ, ಎಡಗಡೆ ಮೂಲೆಯಲ್ಲಿ ಮೆನು, ಬಲಗಡೆ ಗಡಿಯಾರ, ಹೀಗೆ ವಿಂಡೋಸ್ ನೋಡಿದ ಕಣ್ಣಿಗೆ ಹೊಸದು ಅನ್ನಿಸೋದಿಲ್ಲ. 2024ರಲ್ಲಿ ಬಂದ ಮಿಂಟ್ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ. ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಎಂಬ ಮೂರು ರೂಪಗಳಿವೆ. 8 ಜಿಬಿ ರ‍್ಯಾಮ್ ಇದ್ದರೆ ಸಿನಮನ್, 4 ಜಿಬಿ ಇದ್ದರೆ ಎಕ್ಸ್‌ಎಫ್‌ಸಿಇ. ಇದರಲ್ಲಿ ಟೈಮ್‌ಶಿಫ್ಟ್ ಎಂಬ ಸೌಲಭ್ಯವಿದೆ. ಅಪ್‌ಡೇಟ್ ಹಾಕಿ ಏನಾದರೂ ಕೆಟ್ಟರೆ ನಿನ್ನೆಯ ಸ್ಥಿತಿಗೆ ವಾಪಸ್ ಹೋಗಬಹುದು. ಮನೆಯವರ ಯಂತ್ರಕ್ಕೆ ಹಾಕುವಾಗ ಇದನ್ನು ಆನ್ ಮಾಡಿಯೇ ಕೊಡಿ.

ಉಬುಂಟು ಇನ್ನೂ ಹೆಚ್ಚು ಹೆಸರುವಾಸಿ. 2004ರಿಂದ ಇದೆ. ಎರಡು ವರ್ಷಕ್ಕೊಮ್ಮೆ ಬರುವ ಎಲ್‌ಟಿಎಸ್ ಆವೃತ್ತಿಗೆ ಐದು ವರ್ಷ ಬೆಂಬಲ ಸಿಗುತ್ತದೆ. ಅದನ್ನೇ ಆರಿಸಿ, ಆರು ತಿಂಗಳಿಗೊಮ್ಮೆ ಬರುವುದನ್ನು ಬಿಡಿ. ಅದರ ಮುಖ ಮಾತ್ರ ವಿಂಡೋಸಿನಂತಿಲ್ಲ, ಸ್ವಲ್ಪ ಮೊಬೈಲಿನಂತಿದೆ. ಕಾಲೇಜು ಹುಡುಗರು ಎರಡೇ ದಿನದಲ್ಲಿ ಹೊಂದಿಕೊಳ್ಳುತ್ತಾರೆ, ಹಿರಿಯರು ಮೆನು ಎಲ್ಲಿ ಎಂದು ಹುಡುಕುತ್ತಾರೆ. 4 ಜಿಬಿ ಯಂತ್ರಕ್ಕೆ ಭಾರ.

ತೀರಾ ಬಡಕಲು ಯಂತ್ರವಾದರೆ ಲುಬುಂಟು ಅಥವಾ ಎಂಎಕ್ಸ್ ಲಿನಕ್ಸ್ ನೋಡಿ. ನಮ್ಮ ದೇಶದ್ದೇ ಬೇಕು ಅನ್ನುವವರಿಗೆ ಸಿ-ಡ್ಯಾಕ್ ಮಾಡಿದ ಬಾಸ್ ಲಿನಕ್ಸ್ ಇದೆ, ಡೆಬಿಯನ್ ಮೇಲೆ ಕಟ್ಟಿದ್ದು. ತೊಂದರೆ ಬಂದಾಗ ಕೇಳಿ ತಿಳಿಯೋಕೆ ಜನ ಸಿಗೋದು ಮಿಂಟ್, ಉಬುಂಟುಗೇ ಜಾಸ್ತಿ. ಹೊಸಬರಿಗೆ ಅದೇ ದೊಡ್ಡ ಆಸರೆ.

ಯಾವುದನ್ನೇ ಹಾಕಿ, ಹಳೇ ಹಾರ್ಡ್ ಡಿಸ್ಕ್ ತೆಗೆದು, ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿ. ಲಿನಕ್ಸ್ ಹಾಕಿದರೆ ವೇಗ ಬರುತ್ತದೆ ಅನ್ನೋದು ಅರ್ಧ ನಿಜ. ಉಳಿದರ್ಧ ಎಸ್‌ಎಸ್‌ಡಿ ಕೊಡುತ್ತದೆ. ನಮ್ಮ ಬೇಸಿಗೆಯ ಬಿಸಿಲು, ಧೂಳಿಗೆ ಒಳಗಿನ ಫ್ಯಾನ್ ಕಟ್ಟಿಕೊಂಡಿರುತ್ತದೆ, ಅದನ್ನೂ ಅವತ್ತೇ ಸ್ವಚ್ಛ ಮಾಡಿಸಿಬಿಡಿ.

ಹಾಕುವ ಮುಂಚೆ ಓಡಿಸಿ ನೋಡಿ

ಲಿನಕ್ಸ್‌ನ ದೊಡ್ಡ ಉಪಕಾರ ಇದು. ಡಿಸ್ಕಿಗೆ ಒಂದಕ್ಷರ ಬರೆಯದೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. 8 ಜಿಬಿ ಪೆನ್‌ಡ್ರೈವ್ ಸಾಕು. ಮಿಂಟ್ ಫೈಲು ಸುಮಾರು 3 ಜಿಬಿ. ಅಧಿಕೃತ ಸೈಟಿನಿಂದಲೇ ಇಳಿಸಿಕೊಳ್ಳಿ. ರೂಫಸ್ ಎಂಬ ಸಣ್ಣ ಪ್ರೋಗ್ರಾಂನಿಂದ ಅದನ್ನು ಪೆನ್‌ಡ್ರೈವಿಗೆ ಬರೆಯಿರಿ. ಪೆನ್‌ಡ್ರೈವ್‌ನಲ್ಲಿದ್ದದ್ದು ಅಳಿಸಿಹೋಗುತ್ತದೆ, ನೆನಪಿರಲಿ. ಲ್ಯಾಪ್‌ಟಾಪ್ ಆನ್ ಮಾಡುವಾಗ ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿ ಪೆನ್‌ಡ್ರೈವ್ ಆರಿಸಿ.

ಈಗ ಅರ್ಧ ಗಂಟೆ ಕೂತು ಒಂದೊಂದೇ ನೋಡಿ. ವೈಫೈ ಹತ್ತುತ್ತದಾ? ಹಾಡು ಕೇಳುತ್ತದಾ? ಕ್ಯಾಮೆರಾ? ಪ್ರಿಂಟರ್? ಮುಚ್ಚಳ ಮುಚ್ಚಿ ತೆರೆದರೆ ಎಚ್ಚರ ಆಗುತ್ತದಾ? ಅಕ್ಕನ ಮಗಳ ಲ್ಯಾಪ್‌ಟಾಪಿನಲ್ಲಿ ಎಲ್ಲ ಬಂತು, ವೈಫೈ ಬರಲಿಲ್ಲ. ಆಗ ಅವಳ ಫೋನನ್ನೇ ಕೇಬಲ್‌ನಿಂದ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ. ಕೂಡಲೇ ಇಂಟರ್ನೆಟ್ ಬಂತು. ಇನ್‌ಸ್ಟಾಲ್ ಆದ ಮೇಲೆ ಡ್ರೈವರ್ ಮ್ಯಾನೇಜರ್ ತೆರೆದರೆ ವೈಫೈ ಡ್ರೈವರ್ ಅದೇ ತೋರಿಸಿತು. ಒತ್ತಿ, ರೀಸ್ಟಾರ್ಟ್ ಮಾಡಿದರೆ ಮುಗಿಯಿತು. ಈ ಉಪಾಯ ಗೊತ್ತಿಲ್ಲದೆ ಲಿನಕ್ಸೇ ಸರಿಯಿಲ್ಲ ಎಂದು ಬಿಟ್ಟವರನ್ನು ಬಹಳ ನೋಡಿದ್ದೇನೆ.

ಇನ್ನು ಮುಂದಿನ ಮಾತನ್ನು ದಯವಿಟ್ಟು ಗಮನವಿಟ್ಟು ಓದಿ. ಈ ಕೆಲಸ ಕಲಿಯುತ್ತಿದ್ದ ಹೊಸತರಲ್ಲಿ ನಮ್ಮ ಸ್ವಂತ ಮನೆಯ ಕಂಪ್ಯೂಟರಿಗೆ ನಾನೇ ಲಿನಕ್ಸ್ ಹಾಕಿದೆ. ‘ಡಿಸ್ಕ್ ಅಳಿಸಿ ಇನ್‌ಸ್ಟಾಲ್ ಮಾಡು’ ಎಂಬುದನ್ನು ಒತ್ತಿದೆ. ಸಿ ಡ್ರೈವ್ ಮಾತ್ರ ಅಳಿಯುತ್ತದೆ ಅಂದುಕೊಂಡಿದ್ದೆ. ಇಡೀ ಡಿಸ್ಕ್ ಅಳಿಯಿತು. ಡಿ ಡ್ರೈವ್‌ನಲ್ಲಿ ಅಕ್ಕನ ಮದುವೆಯ ಫೋಟೋಗಳಿದ್ದವು, ತೀರಿಕೊಂಡ ಅಜ್ಜಿ ಅದರಲ್ಲಿದ್ದಳು. ಕೆಲವು ವಾಪಸ್ ಸಿಕ್ಕವು, ಬಹಳಷ್ಟು ಸಿಗಲಿಲ್ಲ. ಅವತ್ತಿನಿಂದ ಬೇರೆ ಡಿಸ್ಕಿಗೆ ಬ್ಯಾಕಪ್ ಆಗದ ಯಾವ ಯಂತ್ರವನ್ನೂ ನಾನು ಮುಟ್ಟುವುದಿಲ್ಲ. ಗಿರಾಕಿ ಅವಸರ ಮಾಡಿದರೂ ಮುಟ್ಟುವುದಿಲ್ಲ.

ಎರಡನ್ನೂ ಇಟ್ಟುಕೊಳ್ಳುವವರು, ಅಂದರೆ ಡ್ಯುಯಲ್ ಬೂಟ್ ಮಾಡುವವರು, ಇನ್ನೂ ಮೂರು ಮಾತು ಕೇಳಿ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ಹಾಕುವ ಬೀಗ) ಆನ್ ಇದ್ದರೆ ಅದರ ರಿಕವರಿ ಕೀಯನ್ನು ಮೊದಲು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಫಾಸ್ಟ್ ಸ್ಟಾರ್ಟ್‌ಅಪ್ ಬಂದ್ ಮಾಡಿ, ಇಲ್ಲದಿದ್ದರೆ ಲಿನಕ್ಸ್‌ನಿಂದ ವಿಂಡೋಸ್ ಫೈಲುಗಳಿಗೆ ಬರೆಯೋಕೆ ಬಿಡುವುದಿಲ್ಲ. ಮೂರನೆಯದು ಗಡಿಯಾರ. ಅತ್ತಿಂದಿತ್ತ ಹೋದಾಗ ಟೈಮ್ ಐದೂವರೆ ತಾಸು ವ್ಯತ್ಯಾಸ ತೋರಿಸುತ್ತದೆ. ಯಂತ್ರ ಕೆಟ್ಟಿದೆ ಎಂದು ಎಷ್ಟೋ ಜನ ಒಳಗಿನ ಬ್ಯಾಟರಿ ಬದಲಿಸಿದ್ದಾರೆ. ಒಂದು ಓಎಸ್ ಭಾರತದ ಸಮಯವನ್ನೂ ಇನ್ನೊಂದು ಗ್ರೀನ್‌ವಿಚ್ ಸಮಯವನ್ನೂ ಯಂತ್ರದಲ್ಲಿ ಬರೆಯೋದರಿಂದ ಹೀಗಾಗುತ್ತದೆ. ಲಿನಕ್ಸ್‌ನಲ್ಲಿ ಒಂದು ಸಾಲಿನ ಆದೇಶದಿಂದ ಸರಿಹೋಗುತ್ತದೆ. ಇನ್‌ಸ್ಟಾಲ್ ನಡೆಯುವಾಗ ಲ್ಯಾಪ್‌ಟಾಪ್ ಬ್ಯಾಟರಿ ತುಂಬಿರಲಿ, ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ. ನಮ್ಮ ಕರೆಂಟಿನ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ, ಅಲ್ವಾ?

ವೈರಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. ವಿಂಡೋಸಿಗೆಂದು ಬರೆದ ವೈರಸ್ ಲಿನಕ್ಸ್‌ನಲ್ಲಿ ಹಾಗೇ ಓಡುವುದಿಲ್ಲ. ಸಾಫ್ಟ್‌ವೇರುಗಳೂ ಒಂದೇ ನಂಬಿಕಸ್ಥ ಭಂಡಾರದಿಂದ ಬರುತ್ತವೆ. ಮನೆಬಳಕೆಗೆ ಬೇರೆ ಆಂಟಿವೈರಸ್ ಕೊಳ್ಳುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಆದರೆ ಕಸ್ಟಮರ್ ಕೇರ್ ಎಂದು ಫೋನ್ ಮಾಡಿ ಸ್ಕ್ರೀನ್ ನೋಡುವ ಆ್ಯಪ್ ಹಾಕಿಸಿಕೊಂಡು ಓಟಿಪಿ ಕೇಳುವವನನ್ನು ಯಾವ ಓಎಸ್ಸೂ ತಡೆಯೋದಿಲ್ಲ. ಅಪ್ಪ-ಅಮ್ಮನಿಗೆ ಲಿನಕ್ಸ್ ಹಾಕಿಕೊಡುವ ದಿನ ಈ ಮಾತನ್ನೂ ಕೂರಿಸಿಕೊಂಡು ಹೇಳಿ.

ನನ್ನ ಸಲಹೆ ಕೇಳಿದವರಿಗೆ ನಾನು ಒಂದು ತಿಂಗಳ ಗಡುವು ಕೊಡುತ್ತೇನೆ. ಜಾಗವಿದ್ದರೆ ಎರಡನ್ನೂ ಇಟ್ಟುಕೊಳ್ಳಿ. ದಿನಾ ಲಿನಕ್ಸ್‌ನಲ್ಲೇ ಕೆಲಸ ಮಾಡಿ. ಯಾವ ಕೆಲಸಕ್ಕೆ ವಿಂಡೋಸಿಗೆ ವಾಪಸ್ ಹೋಗಬೇಕಾಯಿತು ಅನ್ನೋದನ್ನು ಅದೇ ಮೊದಲಿನ ಕಾಗದದ ಹಿಂದೆ ಬರೆಯುತ್ತಾ ಹೋಗಿ. ಅಕ್ಕನ ಮಗಳ ಕಾಗದದ ಹಿಂದೆ ತಿಂಗಳಾದ ಮೇಲೂ ಏನೂ ಬರೆದಿರಲಿಲ್ಲ. ಅವಳ ಯಂತ್ರದಿಂದ ವಿಂಡೋಸ್ ತೆಗೆದೆ. ಮಾಸ್ತರರ ಕಾಗದದಲ್ಲಿ ಒಂದೇ ಸಾಲಿತ್ತು: ಪ್ರೆಸ್ಸಿನವರು ಪೇಜ್‌ಮೇಕರ್ ಫೈಲು ಕೇಳಿದರು. ಅವರದ್ದರಲ್ಲಿ ಎರಡೂ ಉಳಿದಿವೆ.